ಏಳನೇ ನಂಬರಿನ ಕೋಳಿ

ಬಾಗಿಲಲ್ಲಿ ಬಿಳಿ ಕೋಟು, ಕೈಯಲ್ಲಿ ಫೈಲು, ಕಣ್ಣಲ್ಲಿ ಹುಡುಕಾಟ. ಅಷ್ಟು ಸಾಕಾಯಿತು, ಸುಜನ್‌ನ ಎದೆ ಧಸಕ್ಕೆಂದಿತು. ಫುಡ್ ಇನ್‌ಸ್ಪೆಕ್ಟರ್ ಬಂದರು ಎಂದೇ ಅವನು ತಿಳಿದ. ಐರೋಲಿಯ ಹಳೇ ಊರಿನ ಅಂಚಿನಲ್ಲಿ, ಸಮುದ್ರದ ಹಿನ್ನೀರಿನ ಖಾಡಿಯ ಕೆಸರಿಗೂ ಮ್ಯಾಂಗ್ರೋವ್ ಪೊದೆಗಳಿಗೂ ಬೆನ್ನು ಹಾಕಿ ನಿಂತ ಅವನ ಹೋಟೆಲಿನಲ್ಲಿ ಮುಚ್ಚಿಡುವಂಥದ್ದು ಏನೂ ಇರಲಿಲ್ಲ. ಆದರೂ ಇನ್‌ಸ್ಪೆಕ್ಟರ್ ಎಂದರೆ ಹೆದರದ ಹೋಟೆಲಿನವನು ಇನ್ನೂ ಹುಟ್ಟಬೇಕು.

ಬಂದ ಹುಡುಗಿಯನ್ನು ಫ್ಯಾನಿನ ಕೆಳಗೆ ಕೂರಿಸಿದ. ಬಿಸಿ ಗೋಳಿಬಜೆ ತರಿಸಿದ, ಚಟ್ನಿ ತರಿಸಿದ, ಕೇಳದೆಯೇ ಫಿಲ್ಟರ್ ಕಾಫಿಯೂ ಬಂತು. ಹುಡುಗಿ ಯಾವುದಕ್ಕೂ ಬೇಡ ಎನ್ನಲಿಲ್ಲ. ತಟ್ಟೆ ಖಾಲಿ ಮಾಡಿ ಕೈ ಒರೆಸಿಕೊಂಡು, ಗೋಡೆಯ ಕನ್ನಡ ಕ್ಯಾಲೆಂಡರ್ ನೋಡಿ ಕನ್ನಡದಲ್ಲೇ ಕೇಳಿದಳು.

"ನಿಮ್ಮ ಹಿತ್ತಲು ತೋರಿಸ್ತೀರಾ?"

ಸುಜನ್ ಒಲ್ಲದ ಮನಸ್ಸಿನಿಂದ ಹಿಂಬಾಗಿಲು ತೆರೆದ. ಹಿತ್ತಲಲ್ಲಿ ಹಳೇ ಡಬ್ಬಗಳಿದ್ದವು, ನೀರು ನಿಂತ ಗುಂಡಿಯಿತ್ತು, ಬೇಲಿಯಾಚೆ ಹಂದಿ ಸಾಕುವವರ ಗುಡಿಸಲುಗಳಿದ್ದವು. ಅವಳು ಎಲ್ಲವನ್ನೂ ನೋಡಿದಳು. ಖಾಡಿಯ ಕಡೆ ಕೂತಿದ್ದ ಬೆಳ್ಳಕ್ಕಿಗಳನ್ನು ಹೆಚ್ಚು ಹೊತ್ತು ನೋಡಿದಳು. ಮೊಣಕೈಗೆ ಕಚ್ಚಿದ ಸೊಳ್ಳೆಯನ್ನು ಹೊಡೆದು, ಅಂಗೈಯಲ್ಲಿ ಅದನ್ನು ಪರೀಕ್ಷಿಸಿ, ತೃಪ್ತಿಯಿಂದ ತಲೆಯಾಡಿಸಿದಳು.

"ತುಂಬಾ ಚೆನ್ನಾಗಿದೆ. ನಂಗೆ ಇಂಥ ಜಾಗಾನೇ ಬೇಕಿತ್ತು."

ಅವಳ ಹೆಸರು ಸುಬ್ಬಲಕ್ಷ್ಮಿ, ಊರು ಮೈಸೂರು, ಓದಿದ್ದು ಪಶುವೈದ್ಯಕೀಯ. ಮಾಜಿವಾಡಾದ ಹತ್ತಿರದ ಒಂದು ಲ್ಯಾಬಿನಲ್ಲಿ ಕೆಲಸ. ಅವಳಿಗೆ ಬೇಕಿದ್ದದ್ದು ಹೋಟೆಲಿನ ಲೈಸೆನ್ಸಲ್ಲ, ಕೋಳಿಗೂಡು ಇಡಲು ಜಾಗ. ಅದು ಗೊತ್ತಾಗುವಷ್ಟರಲ್ಲಿ ಸುಜನ್ ಅವಳಿಗೆ ಎರಡನೇ ಕಾಫಿಯನ್ನೂ ಕುಡಿಸಿಯಾಗಿತ್ತು.

"ಇನ್‌ಸ್ಪೆಕ್ಟರ್ ಅಲ್ಲ ಅಂತ ಮೊದ್ಲೇ ಹೇಳ್ಬಾರ್ದಾ ಡಾಕ್ಟ್ರೇ?"

"ಕೇಳಿದ್ರೆ ಹೇಳ್ತಿದ್ದೆ. ನೀವು ಬಜ್ಜಿ ತಂದಿಟ್ರಿ. ನಂಗೆ ಹಸಿವಾಗಿತ್ತು ಕಣ್ರೀ."

ನಗುವಾಗ ಅವಳ ಒಂದು ಕಣ್ಣು ಇನ್ನೊಂದಕ್ಕಿಂತ ಸ್ವಲ್ಪ ಹೆಚ್ಚು ಮುಚ್ಚುತ್ತಿತ್ತು. ಸುಜನ್‌ನ ಮನಶ್ಶಾಂತಿ ಹಾಳಾದದ್ದು ಆ ಹೊತ್ತಿಗೇ.

ಮರುವಾರ ಎಳೆಯ ನಾಟಿ ಕೋಳಿಗಳು ಬಂದವು. ಒಂದೊಂದರ ಕಾಲಿಗೂ ನಂಬರಿನ ಬಳೆ. ಎರಡು ವಾರಕ್ಕೊಮ್ಮೆ ಮಂಗಳವಾರ, ಬೆಳಗಿನ ತಿಂಡಿಯ ಗದ್ದಲ ಮುಗಿದ ಮೇಲೆ, ಸುಬ್ಬಲಕ್ಷ್ಮಿ ಬಂದು ಅವುಗಳ ರೆಕ್ಕೆಯಿಂದ ಚೂರು ರಕ್ತ ತೆಗೆಯುತ್ತಿದ್ದಳು. ಕೋಳಿ ಹಿಡಿಯುವ ಕೆಲಸ ಸುಜನ್‌ನದು. ಹೋಟೆಲಿನಲ್ಲಿ ಬೇರೆ ಯಾರೂ ಇರಲಿಲ್ಲವೇ ಎಂದು ಕೇಳಬೇಡಿ. ಇದ್ದರು, ಅವನು ಬಿಟ್ಟರೆ ತಾನೆ.

"ಬೆಳ್ಳಕ್ಕಿ ಮೈಯಲ್ಲಿ ವೈರಸ್ ಇರುತ್ತೆ. ಹಂದಿ ಮೈಗೆ ಹೋದ್ರೆ ಬೆಳೆಯುತ್ತೆ. ಅಲ್ಲಿಂದ ಮನುಷ್ಯರಿಗೆ ತಂದು ಕೊಡೋದು ಸೊಳ್ಳೆ. ಮನುಷ್ಯರಿಗೆ ಬಂದ್ರೆ ಮೆದುಳು ಜ್ವರ," ಎಂದು ಅವಳು ಮೊದಲ ದಿನವೇ ವಿವರಿಸಿದಳು.

"ಕೋಳಿ ಎಂಥ ಮಾಡ್ತದೆ ಮತ್ತೆ?"

"ಕೋಳಿಗೆ ಏನೂ ಆಗಲ್ಲ. ಸೊಳ್ಳೆ ಕಚ್ಚಿದ್ರೆ ಅದರ ರಕ್ತದಲ್ಲಿ ಒಂದು ಗುರುತು ಉಳಿಯುತ್ತೆ. ನಿಮಗೆ ಜ್ವರ ಬರೋಕೆ ಮೊದಲೇ ಅದು ನನಗೆ ಹೇಳಿಬಿಡುತ್ತೆ. ಕಾವಲಿಗೆ ಇಟ್ಟಿರೋ ಕೋಳಿ ಇದು. ಹಾಗಾಗಿ ಒಂದೇ ಒಂದು ಮಾತು ಸುಜನ್ ಅವರೇ. ಯಾವ ಕೋಳಿ ಸತ್ರೂ, ಕಳೆದುಹೋದ್ರೂ ನನಗೆ ಹೇಳಬೇಕು. ಇವೇ ಕೋಳಿ ಕೊನೇವರೆಗೂ ಇರಬೇಕು. ಇಲ್ಲಾಂದ್ರೆ ಗೂಡು ಎತ್ತಿಕೊಂಡು ಕಲ್ಯಾಣದ ಎಮ್ಮೆ ತಬೇಲಾ ಹತ್ರ ಹೋಗ್ತೀನಿ."

"ಆಯ್ತು ಡಾಕ್ಟ್ರೇ," ಎಂದ ಸುಜನ್. ಕಲ್ಯಾಣದ ಎಮ್ಮೆಗಳ ಮೇಲೆ ಅವನಿಗೆ ಅಲ್ಲೇ ಹೊಟ್ಟೆಕಿಚ್ಚಾಯಿತು.

ಆ ಮಂಗಳವಾರಗಳು. ಅವನು ಕೋಳಿಯನ್ನು ಮಡಿಲಲ್ಲಿಟ್ಟು ರೆಕ್ಕೆ ಬಿಡಿಸಿ ಹಿಡಿಯುತ್ತಿದ್ದ. ಅವಳು ಬಗ್ಗಿ, ತುಟಿ ಮೊನಚು ಮಾಡಿ, ಪುಕ್ಕದ ಮೇಲೆ ಮೆಲ್ಲಗೆ ಊದುತ್ತಿದ್ದಳು. ಪುಕ್ಕ ಸರಿದು ನೀಲಿ ನರ ಕಾಣುತ್ತಿತ್ತು. ಆ ಉಸಿರಿನ ಅರ್ಧ ಕೋಳಿಗೆ, ಅರ್ಧ ಸುಜನ್‌ನ ಮುಂಗೈಗೆ. ಅವಳ ಕಿವಿಯ ಹಿಂದಿನ ಪುಟ್ಟ ಮಚ್ಚೆ, ಸೂಜಿ ಹಾಕುವಾಗ ತಡೆದು ನಿಲ್ಲಿಸುವ ಉಸಿರು, ಮುಗಿದ ಮೇಲೆ ಕೋಳಿಗೆ ಹೇಳುವ "ಸಾರಿ ಪುಟ್ಟಾ". ಎಲ್ಲ ಅವನಿಗೆ ಬಾಯಿಪಾಠವಾಗಿತ್ತು.

"ನಂಗೂ ಒಂದು ಸಾರಿ ಹೇಳಿ. ಕೋಳಿ ಕುಕ್ಕಿದ್ದು ನನ್ನ ಕೈಗೆ."

"ನಿಮ್ಮ ಕಾಲಿಗೆ ಬಳೆ ಹಾಕಿಸಿಕೊಳ್ಳಿ, ಹೇಳ್ತೀನಿ."

ಅವನ ತಾಯಿ ಪ್ರಫುಲ್ಲಾ ಅಡುಗೆಮನೆಯ ಕಿಟಕಿಯಿಂದ ಇದನ್ನೆಲ್ಲ ನೋಡುತ್ತಿದ್ದರು. ಕೋಳಿ ಮುಟ್ಟಿದರೂ ಕೋಳಿ ತಿನ್ನದ ಈ ಮೈಸೂರಿನ ಹುಡುಗಿ ಅವರಿಗೆ ತುಂಬ ಹಿಡಿಸಿದ್ದಳು. ಮಗನ ಮೇಲೆ ಮಾತ್ರ ಅವರಿಗೆ ಸಿಟ್ಟು ಬರುತ್ತಿತ್ತು. ತಿಂಗಳುಗಟ್ಟಲೆ ಕೋಳಿ ಹಿಡಿದುಕೊಂಡು ಕೂತವನು ಒಂದು ಮಾತು ಆಡಬೇಡವೇ?

ಎಡವಟ್ಟಾದದ್ದು ಮಳೆ ನಿಂತ ಮೇಲೆ. ಒಂದು ಭಾನುವಾರ ಸುಜನ್ ಸಾಮಾನು ತರಲು ವಾಶಿಗೆ ಹೋಗಿ ಬರುವಷ್ಟರಲ್ಲಿ ಹೋಟೆಲಿನ ಹಿಂಬದಿಯ ತನ್ನ ಮನೆಯಿಂದ ಕೋಳಿ ಸಾರಿನ ಪರಿಮಳ ಬರುತ್ತಿತ್ತು. ಮುಂದಿನದು ಶುದ್ಧ ಶಾಕಾಹಾರಿ ಹೋಟೆಲು, ಹಿಂದಿನ ಮನೆಯ ಅಡುಗೆ ಬೇರೆಯೇ. ಆದರೆ ಅವತ್ತು ಬಾಳೆಲೆ ಹಾಸಿ, ಕುಚ್ಚಲಕ್ಕಿ ಅನ್ನ, ಸಾರು ಬಡಿಸಿ, ದೀಪ ಹಚ್ಚಲಾಗಿತ್ತು. ಮನೆಯ ದೈವ ಕಲ್ಲುರ್ಟಿಗೆ ಅಗೆಲು, ಎಂದರೆ ಕೋಳಿ ಕೊಯ್ದು ಬಡಿಸುವ ಎಡೆ. ಒಲೆಯ ಪಕ್ಕದಲ್ಲಿ ಏಳು ಎಂಬ ನಂಬರಿನ ಬಳೆ ಬಿದ್ದಿತ್ತು.

"ಅಮ್ಮಾ, ಎಂಥ ಮಾಡಿದ್ದು ನೀನು?"

"ಹರಕೆ ಹೇಳಿದ್ದೆ. ಅದೇ ಕೋಳಿಯನ್ನು ತೋರಿಸಿ ಹೇಳಿದ್ದೆ. ನಮ್ಮ ಹಿತ್ತಲಲ್ಲಿ ಬೆಳೆದ ಕೋಳಿಯೇ ಆಗ್ಬೇಕಲ್ಲ, ಅಂಗಡಿಯ ಬ್ರಾಯ್ಲರ್ ಕೊಡ್ಲಿಕ್ಕೆ ಆಗ್ತದಾ?"

"ಯಾವ ಹರಕೆ?"

"ಆ ಡಾಕ್ಟ್ರ ಹುಡುಗಿ ಈ ಮನೆಗೆ ಸೊಸೆಯಾಗಿ ಬರ್ಲಿ ಅಂತ. ಕೆಲಸ ಆದ ಮೇಲೆ ಕೊಡೋದು ಕ್ರಮ. ಆದ್ರೆ ನೀನು ಬಾಯಿ ಬಿಡುವವರೆಗೆ ಕಾದ್ರೆ ಕೋಳಿ ಮುದಿಯಾಗ್ತದೆ. ಅದಕ್ಕೆ ಮೊದ್ಲೇ ಕೊಟ್ಟೆ."

ಸುಜನ್ ತಲೆಯ ಮೇಲೆ ಕೈಹೊತ್ತು ಕೂತ. ನಡೆದದ್ದನ್ನು ಅವಳಿಗೆ ಹೇಳಲೇಬೇಕು. ಆದರೆ ಹೇಗೆ? ಕೋಳಿ ಏನಾಯಿತು ಎಂದರೆ ಅಗೆಲು ಎನ್ನಬೇಕು. ಅಗೆಲು ಏಕೆ ಎಂದರೆ ಹರಕೆ ಎನ್ನಬೇಕು. ಹರಕೆ ಏನು ಎಂದರೆ? ಅಲ್ಲಿಗೆ ಬಂದು ಅವನ ನಾಲಿಗೆ ಹೊರಳಲಿಲ್ಲ. ಅವಳು ನಕ್ಕರೆ ನಕ್ಕಾಳು, ಸಹಿಸಬಹುದು. ಗೂಡು ಎತ್ತಿಕೊಂಡು ಹೋದರೆ?

ಮರುದಿನ ಕಲ್ಯಾಣದ ಮಾರ್ಕೆಟ್ಟಿಗೆ ಹೋಗಿ ಅದೇ ಕೆಂಪು ಮೈ, ಅದೇ ಕಪ್ಪು ಬಾಲದ ಒಂದು ಕೋಳಿ ತಂದ. ಬಳೆ ತೊಡಿಸಿದ. ಬಳೆಯ ನಂಬರ್ ಸರಿಯಿದ್ದರೆ ಲೆಕ್ಕ ಸರಿ ಎಂದು ಅವನು ನಂಬಿದ್ದ. ಕೋಳಿಯೆಂದರೆ ಕೋಳಿ, ಅದರಲ್ಲಿ ಏನು ವ್ಯತ್ಯಾಸ?

ಮಂಗಳವಾರ ಅದನ್ನು ಮಡಿಲಲ್ಲಿ ಹಿಡಿದು ಕೂತು, ಬಳೆಯ ನಂಬರ್ ಅವಳಿಗೆ ಕಾಣುವ ಹಾಗೆ ತಿರುಗಿಸಿದ.

"ಏಳು ಸ್ವಲ್ಪ ದಪ್ಪ ಆಗಿದೆ ಅಲ್ವಾ?"

"ಹೋಟೆಲಿನ ಇಡ್ಲಿ ತಿಂತದಲ್ಲ."

ಅವಳು ತಲೆಯೆತ್ತಿ ಅವನನ್ನು ನೋಡಿದಳು. ಅವನೂ ನೋಡಿದ. ಇಬ್ಬರ ನಡುವೆ ಕೋಳಿಯೊಂದು ಇದೆ ಎನ್ನುವುದನ್ನು ಇಬ್ಬರೂ ಸ್ವಲ್ಪ ಹೊತ್ತು ಮರೆತರು. ಆಮೇಲೆ ಅವಳು ಗಡಿಬಿಡಿಯಿಂದ ಸೂಜಿ ಹಾಕಿ, ಸೀಸೆಗೆ ನಂಬರ್ ಬರೆದು, ಸಾರಿ ಪುಟ್ಟಾ ಎಂದು ಹೇಳುವುದನ್ನೂ ಮರೆತು ಎದ್ದಳು.

ಮುಂದಿನ ಗುರುವಾರ ಸುಜನ್‌ಗೆ ಜ್ವರ ಬಂತು. ಮೈಯೆಲ್ಲ ನಡುಕ, ತಲೆ ಸಿಡಿತ. ಮಾತ್ರೆ ನುಂಗಿದರೆ ಬಿಡುತ್ತದೆ, ಮತ್ತೆ ಬರುತ್ತದೆ. ಶನಿವಾರ ಬೆಳಿಗ್ಗೆ ಕ್ಯಾಶ್ ಕೌಂಟರಿನಲ್ಲಿ ಶಾಲು ಹೊದ್ದು ಕೂತಿದ್ದಾಗ ಸುಬ್ಬಲಕ್ಷ್ಮಿ ಬಂದಳು. ಅವಳ ದಿನ ಅದಲ್ಲ. ಕೋಟು ಇರಲಿಲ್ಲ, ಮುಖದಲ್ಲಿ ಕಳೆಯೂ ಇರಲಿಲ್ಲ.

"ಏಳನೇ ನಂಬರ್ ಪಾಸಿಟಿವ್ ಬಂದಿದೆ," ಎಂದಳು. "ಹಿಂದಿನ ಸಲದವರೆಗೆ ಏನೂ ಇರಲಿಲ್ಲ. ಮತ್ತೆ ಮತ್ತೆ ಟೆಸ್ಟ್ ಮಾಡಿದೆ. ಅಂದ್ರೆ ಈಗ, ಈ ದಿನಗಳಲ್ಲೇ, ನಿಮ್ಮ ಹಿತ್ತಲಲ್ಲಿ ವೈರಸ್ ಓಡಾಡ್ತಾ ಇದೆ. ನಿಮ್ಮ ಮನೇಲಿ ಯಾರಿಗಾದ್ರೂ ಜ್ವರ..."

ಆಗ ಅವಳ ಕಣ್ಣು ಶಾಲಿನ ಮೇಲೆ ಬಿತ್ತು. ಕೌಂಟರು ದಾಟಿ ಬಂದವಳು, ಗಿರಾಕಿಗಳು ನೋಡುತ್ತಿದ್ದಾರೆ ಎನ್ನುವುದನ್ನೂ ಲೆಕ್ಕಿಸದೆ ಅವನ ಹಣೆ ಮುಟ್ಟಿದಳು.

"ಎಷ್ಟು ದಿನದಿಂದ?"

"ಮೊನ್ನೆಯಿಂದ. ಸಾದಾ ಜ್ವರ ಡಾಕ್ಟ್ರೇ."

"ಏಳಿ. ಟ್ಯಾಕ್ಸಿ ಹತ್ತಿ."

ಪ್ರಫುಲ್ಲಾ ಒಳಗಿನಿಂದ ಓಡಿ ಬಂದು ಮಗನನ್ನು ತುಳುವಿನಲ್ಲಿ "ದಾನೆ ಮಗಾ?" ಎಂದು ಕೇಳಿದರು. ಏನಾಯಿತೆಂದು ಹೇಳುವ ಸ್ಥಿತಿಯಲ್ಲಿ ಅವನಿರಲಿಲ್ಲ. ಹೋಟೆಲು ಮುಚ್ಚಿ ಹಿಂದಿನಿಂದ ಬರುತ್ತೇನೆ ಎಂದು ಅವರು ಬಾಗಿಲಲ್ಲೇ ಉಳಿದರು.

ಟ್ಯಾಕ್ಸಿ ಸೇತುವೆ ದಾಟಿ ಮುಲುಂಡಿನ ಕಡೆಯಿಂದ ಹೈವೇ ಹಿಡಿಯಿತು. ಸುಜನ್‌ನ ತಲೆಯಲ್ಲಿ ಒಂದೇ ಮಾತು ಗಿರಕಿ ಹೊಡೆಯುತ್ತಿತ್ತು. ಏಳನೇ ನಂಬರ್. ಎಲ್ಲ ಬಿಟ್ಟು ಏಳನೇ ನಂಬರ್. ಇದು ತನ್ನಿಂದಲೇ ಆದದ್ದು ಎಂದು ಅವನಿಗೆ ಅರ್ಥವಾಗಿತ್ತು, ಹೇಗೆಂದು ಮಾತ್ರ ಸರಿಯಾಗಿ ಗೊತ್ತಿರಲಿಲ್ಲ.

"ಗದ್ದ ಎದೆಗೆ ತಾಗಿಸಿ," ಎಂದಳು ಅವಳು. "ಕತ್ತು ನೋಯುತ್ತಾ?"

"ಇಲ್ಲ."

"ಬೆಳಕು ಕಣ್ಣಿಗೆ ಚುಚ್ಚುತ್ತಾ? ಇವತ್ತು ಯಾವ ವಾರ ಹೇಳಿ."

"ನೀವು ಬಂದಿದ್ದೀರಲ್ಲ, ಮಂಗಳವಾರ."

ಬೇರೆ ದಿನವಾಗಿದ್ದರೆ ನಗುತ್ತಿದ್ದಳು. ಈಗ ಅವಳ ಮುಖ ಬಿಳಿಚಿತು. ಅವನಿಗೆ ಬುದ್ಧಿ ಕಲಕಿದೆ ಎಂದೇ ಅವಳು ತಿಳಿದಳು.

"ತಮಾಷೆ ಮಾಡಿದೆ ಡಾಕ್ಟ್ರೇ. ಶನಿವಾರ, ಶನಿವಾರ."

ಅವಳು ಕಿಟಕಿಯ ಕಡೆ ತಿರುಗಿದಳು. ಮಾಜಿವಾಡಾದ ಸಿಗ್ನಲ್‌ನಲ್ಲಿ ಟ್ಯಾಕ್ಸಿ ಸಿಕ್ಕಿಬಿತ್ತು, ಮುಂದೆ ಲಾರಿ, ಹಿಂದೆ ಬಸ್ಸು. ಅವಳ ಭುಜ ಅಲುಗುತ್ತಿದ್ದುದನ್ನು ಕಂಡು ಸುಜನ್‌ಗೆ ಜ್ವರಕ್ಕಿಂತ ಹೆಚ್ಚಿನ ಸಂಕಟವಾಯಿತು. ಹೇಳಿಬಿಡು ಎಂದಿತು ಮನಸ್ಸು. ಬಾಯಿ ತೆರೆದ. ಅಷ್ಟರಲ್ಲಿ ಅವಳ ಮೊಬೈಲ್ ಬಡಿದುಕೊಂಡಿತು, ಲ್ಯಾಬಿನಲ್ಲಿ ಅವಳ ಮೇಲಿನವರಾದ ಜಯಂತ್ ಸರ್.

"ಹೌದು ಸರ್... ಹೌದು, ಸಂಜೆಯೊಳಗೆ ಪಾಲಿಕೆಗೆ ತಿಳಿಸೋಣ... ಹಂದಿಗಳನ್ನ ಎತ್ತಿಸ್ತಾರೆ ಅಲ್ವಾ... ಇಲ್ಲೊಬ್ಬರಿಗೆ ಜ್ವರ ಇದೆ ಸರ್. ಕರ್ಕೊಂಡು ಹೋಗ್ತಾ ಇದ್ದೀನಿ. ಇಲ್ಲ ಸರ್... ನನಗೆ ಗೊತ್ತಿರೋರು."

ಗೊತ್ತಿರೋರು ಎನ್ನುವಾಗ ಅವಳ ದನಿ ಒಡೆಯಿತು. ಸುಜನ್ ತೆರೆದ ಬಾಯನ್ನು ಮುಚ್ಚಿದ. ಇಷ್ಟು ದೊಡ್ಡದಾದದ್ದನ್ನು ಈಗ ಹೇಗೆ ಹೇಳುವುದು? ಇವತ್ತು ತನಗಾಗಿ ಅತ್ತ ಈ ಹುಡುಗಿ ನಾಳೆಯಿಂದ ತನ್ನ ಮುಖ ನೋಡುವುದಿಲ್ಲ. ಆ ಭಯ ಒಂದು ಕಡೆ, ಬೇಲಿಯಾಚೆಯ ಗುಡಿಸಲುಗಳು ಇನ್ನೊಂದು ಕಡೆ. ಎರಡರ ನಡುವೆ ಅವನು ಬೆವರಿದ.

ಆಸ್ಪತ್ರೆಯಲ್ಲಿ ಬೆರಳು ಚುಚ್ಚಿ ರಕ್ತ ತೆಗೆದುಕೊಂಡರು. ಸುಬ್ಬಲಕ್ಷ್ಮಿ ಅಲ್ಲಿನ ಡಾಕ್ಟರಿಗೆ ವೈರಸ್ಸಿನ ವಿಷಯ ಬಿಡಿಸಿ ಹೇಳಿದಳು. ಅವರು ಗಂಭೀರವಾಗಿ ಕೇಳಿಸಿಕೊಂಡು, ಹಾಗಾದರೆ ಬೆನ್ನಿನಿಂದ ನೀರು ತೆಗೆದು ನೋಡಬೇಕಾಗಬಹುದು, ತಯಾರಿ ಮಾಡಲು ಹೇಳುತ್ತೇನೆ ಎಂದು ಹೋದರು. ಪರದೆಯ ಒಳಗೆ ಇಬ್ಬರೇ ಉಳಿದರು.

ಅವಳು ಮಂಚದ ಅಂಚಿನಲ್ಲಿ ಕೂತು, ಸೂಜಿಗೆ ನರ ಹುಡುಕುವವಳ ಹಾಗೆ, ಅವನ ಮುಂಗೈಯನ್ನು ಹೆಬ್ಬೆರಳಿನಿಂದ ಸವರುತ್ತಿದ್ದಳು.

"ನಾನು ಆ ಗೂಡು ತಂದಿದ್ದು ಇದಕ್ಕೇ ಅಲ್ವಾ? ಮೊದಲೇ ಗೊತ್ತಾಗಲಿ ಅಂತ. ಗೊತ್ತಾಗೋ ಹೊತ್ತಿಗೆ ನಿಮಗೇ ಬಂದುಬಿಟ್ಟಿದೆ. ಏನಾದ್ರೂ ಆದ್ರೆ ನಾನು ಏನು ಮಾಡ್ಲಿ ಸುಜನ್?"

ಅವಳು ಅವನ ಹೆಸರಿಗೆ 'ಅವರೇ' ಸೇರಿಸದೆ ಕರೆದದ್ದು ಅದೇ ಮೊದಲು. ಕಾದು ಕಾದು ಸಿಕ್ಕಿದ ಆ ಕರೆ ಅವನ ಎದೆಗೆ ಚುಚ್ಚಿತು. ಇನ್ನು ತಡೆಯಲಾಗಲಿಲ್ಲ.

"ಅದು ನಿಮ್ಮ ಏಳನೇ ನಂಬರ್ ಅಲ್ಲ."

"ಏನು?"

"ನಿಮ್ಮ ಏಳನೇ ನಂಬರಿನ ಕೋಳಿಯನ್ನು ಅಮ್ಮ ದೈವಕ್ಕೆ ಕೊಟ್ರು. ಅಗೆಲು ಹಾಕಿದ್ರು. ಈಗ ಇರೋದು ನಾನು ಕಲ್ಯಾಣ ಮಾರ್ಕೆಟ್ಟಿಂದ ತಂದದ್ದು. ಬಳೆ ನಾನೇ ಹಾಕಿದ್ದು."

ಅವಳ ಹೆಬ್ಬೆರಳು ನಿಂತಿತು. ಮೊದಲ ಪ್ರಶ್ನೆ ಬಂದಾಗ ಅದು ಡಾಕ್ಟರ ಪ್ರಶ್ನೆಯಾಗಿತ್ತು.

"ಎಳೆಯದಾ, ಬಲಿತದ್ದಾ?"

"ಬಲಿತದ್ದು. ಅಂಗಡಿಯವ ಮೊಟ್ಟೆ ಇಡ್ತದೆ ಅಂದಿದ್ದ."

"ಅಂದ್ರೆ ಅದಕ್ಕೆ ಯಾವ ಊರಲ್ಲಿ, ಯಾವ ಕಾಲದಲ್ಲಿ ಸೊಳ್ಳೆ ಕಚ್ಚಿತ್ತೋ ದೇವರಿಗೇ ಗೊತ್ತು." ಅವಳು ಎದ್ದು ನಿಂತಳು. "ನಾನು ರಾತ್ರಿ ನಿದ್ದೆ ಮಾಡಿಲ್ಲ. ಟ್ಯಾಕ್ಸೀಲಿ ಕೂತು ನಿನ್ನ ಸಾವು ನೆನೆಸ್ಕೊಂಡು ಅತ್ತೆ. ಪಾಪ, ಆ ಹಂದಿಯವರನ್ನ ಒಕ್ಕಲೆಬ್ಬಿಸ್ತಿದ್ರು. ನಿನ್ನ ಬೆನ್ನಿಗೆ ಸುಮ್ಮನೆ ಸೂಜಿ ಚುಚ್ಚಿಸ್ತಿದ್ದೆ. ಒಂದು ಮಾತು. ಒಂದೇ ಒಂದು ಮಾತು ಹೇಳು ಅಂದಿದ್ದೆ."

ಏಕವಚನ ಬಂದಿತ್ತು, ಆದರೆ ಈ ರೀತಿ ಬರಬಾರದಿತ್ತು.

"ಹೇಳಿದ್ರೆ ನೀವು ಗೂಡು ಎತ್ತಿಕೊಂಡು ಹೋಗ್ತಿದ್ರಿ."

"ಹೋದ್ರೆ ಏನಾಗ್ತಿತ್ತು? ಬೇರೆ ಕಡೆ ಇಡ್ತಿದ್ದೆ."

"ನೀವೂ ಹೋಗ್ತಿದ್ರಲ್ಲ." ಸುಜನ್ ಚಾವಣಿ ನೋಡುತ್ತ ಹೇಳಿದ. ಅವಳ ಮುಖ ನೋಡುವ ಧೈರ್ಯವಿರಲಿಲ್ಲ. "ಮತ್ತೆ, ಹರಕೆ ಯಾತಕ್ಕೆ ಅಂತ ಕೇಳ್ತಿದ್ರಿ. ಅಮ್ಮ ಹರಕೆ ಹೇಳಿದ್ದು ನೀವು ನಮ್ಮ ಮನೆಗೆ ಸೊಸೆಯಾಗಿ ಬರ್ಲಿ ಅಂತ. ಅವರು ಹೇಳಿದ್ದು ಒಂದು ಸಲ. ನಾನು ಪ್ರತಿ ಮಂಗಳವಾರ ಮನಸ್ಸಲ್ಲೇ ಹೇಳ್ತಿದ್ದೆ. ನೀವಂದ್ರೆ ನಂಗೆ ಜೀವ ಡಾಕ್ಟ್ರೇ. ಸುಳ್ಳು ಹಾಕಿದ್ದು ತಪ್ಪು. ಇದು ಸುಳ್ಳಲ್ಲ."

ಪರದೆ ಸರಿದ ಸದ್ದಾಯಿತು. ಅವನು ಕಣ್ಣು ತಿರುಗಿಸುವಷ್ಟರಲ್ಲಿ ಅವಳು ಹೊರಟುಹೋಗಿದ್ದಳು.

ಸ್ವಲ್ಪ ಹೊತ್ತಿಗೆ ಡಾಕ್ಟರು ಬಂದರು. ರಕ್ತದ ರಿಪೋರ್ಟು ಸಿಕ್ಕಿತ್ತು, ಮಲೇರಿಯಾ. ಬೆನ್ನು ಚುಚ್ಚುವುದು ಬೇಡ, ಕೋಳಿಯ ವಿಷಯ ಆ ಮೇಡಂ ಹೇಳಿ ಹೋದರು ಎಂದರು. ಅಷ್ಟರಲ್ಲಿ ಬಂದು ಸೇರಿದ್ದ ಪ್ರಫುಲ್ಲಾ ಮೆದುಳು ಜ್ವರವಲ್ಲ, ಮಲೇರಿಯಾ ಎಂದು ಕೇಳಿ ಅಲ್ಲೇ ಕಲ್ಲುರ್ಟಿಗೆ ಕೈಮುಗಿದರು. ಸುಜನ್ ಗೋಡೆಯ ಕಡೆ ತಿರುಗಿ ಮಲಗಿದ. ಹಂದಿಯವರು ಉಳಿದರು, ತನ್ನ ಜೀವ ಉಳಿಯಿತು, ಉಳಿಯದೇ ಹೋದದ್ದು ಯಾವುದೆಂದು ಅವನಿಗೆ ಚೆನ್ನಾಗಿ ಗೊತ್ತಿತ್ತು.

ಭಾನುವಾರವೆಲ್ಲ ಅವನು ಬಾಗಿಲ ಕಡೆ ನೋಡಿದ. ನರ್ಸ್ ಬಂದರೂ ಎದೆ ಹಾರುತ್ತಿತ್ತು, ಕಸ ಗುಡಿಸುವವಳು ಬಂದರೂ ಹಾರುತ್ತಿತ್ತು. ಮಾಡಿದ ಫೋನಿಗೆ ಉತ್ತರವಿರಲಿಲ್ಲ. ಮನೆಗೆ ಹೋಗಿ ಬಂದ ಪ್ರಫುಲ್ಲಾ ಸುದ್ದಿ ತಂದರು: ಹುಡುಗಿ ಬೆಳಿಗ್ಗೆ ಹಿತ್ತಲಿಗೆ ಬಂದಿದ್ದಳಂತೆ, ಯಾರ ಸಹಾಯವನ್ನೂ ಕೇಳದೆ ಒಬ್ಬಳೇ ಎಲ್ಲ ಕೋಳಿಗಳ ರಕ್ತ ತೆಗೆದುಕೊಂಡು ಹೋದಳಂತೆ.

"ಕಾಫಿ ಕುಡಿದ್ಲಾ?"

"ಕೊಟ್ಟೆ. ಬೇಡ ಅಂದ್ಲು."

ಅದನ್ನು ಕೇಳಿ ಅವನಿಗೆ ಮತ್ತೆ ಚಳಿ ಬಂತು, ಮಲೇರಿಯಾದ ಚಳಿಯಲ್ಲ.

ಸೋಮವಾರ ಮಧ್ಯಾಹ್ನ ಅವಳು ಬಂದಳು. ಪ್ರಫುಲ್ಲಾ ಊಟದ ಡಬ್ಬ ತೆರೆಯುತ್ತಿದ್ದರು. ಅವಳು ಮಂಚದ ಬಳಿ ನಿಂತು, ಅವನನ್ನು ನೋಡದೆ, ಕಾಲುಬದಿಯ ಕಂಬಿಗೆ ಮಾತಾಡಿದಳು.

"ಉಳಿದ ಕೋಳಿಗಳೆಲ್ಲ ಕ್ಲೀನ್. ನಿಮ್ಮ ಹಿತ್ತಲಲ್ಲಿ ವೈರಸ್ ಇಲ್ಲ. ಆದ್ರೆ ಜಾಗ ಕ್ಯಾನ್ಸಲ್. ಗೂಡು ಕಲ್ಯಾಣಕ್ಕೆ ಹೋಗುತ್ತೆ. ಇಷ್ಟು ತಿಂಗಳ ಕೆಲಸದಲ್ಲಿ ಅರ್ಧ ನೀರಲ್ಲಿ ಹೋಮ ಆಯ್ತು."

"ಸಾರಿ ಡಾಕ್ಟ್ರೇ," ಎಂದ ಸುಜನ್. ಅದಕ್ಕಿಂತ ಹೆಚ್ಚಿಗೆ ಅವನಲ್ಲಿ ಏನೂ ಉಳಿದಿರಲಿಲ್ಲ.

ಆಗಲೇ ಅವಳ ಮೊಬೈಲ್ ಬಡಿದುಕೊಂಡಿತು. ಜಯಂತ್ ಸರ್‌ಗೆ ಫೋನಿನಲ್ಲಿ ಮೆಲ್ಲಗೆ ಮಾತಾಡಿ ಅಭ್ಯಾಸವಿರಲಿಲ್ಲ. ಅವರ ಒಂದೊಂದು ಮಾತೂ ಮಂಚದವರೆಗೆ ಕೇಳುತ್ತಿತ್ತು.

"ಅಲ್ಲಮ್ಮಾ, ಕಾವಲಿಗೆ ಇಟ್ಟ ಕೋಳೀನೇ ಸಾರು ಮಾಡಿಬಿಟ್ಟರಾ?"

"ಹೌದು ಸರ್."

"ನಿನ್ನ ಕೈಗೆ ಬೇರೆ ಕೋಳಿ ಕೊಟ್ಟಿದ್ದಾರೆ. ರೆಕ್ಕೇಲಿ ಹಳೇ ಸೂಜಿ ಗುರುತು ಇಲ್ಲ. ನಿನಗದು ಕಾಣಲಿಲ್ವಾ? ನೀನು ಹಾಗೆಲ್ಲ ತಪ್ಪು ಮಾಡೋಳಲ್ಲ."

ಸುಬ್ಬಲಕ್ಷ್ಮಿಯ ಕಿವಿ ಕೆಂಪಾಯಿತು.

"ಅದು ನನ್ನ ತಪ್ಪು ಸರ್. ಆ ದಿನ ನಾನು ಕೋಳಿ ನೋಡ್ತಾ ಇರಲಿಲ್ಲ."

ಸುಜನ್ ದಿಂಬಿನಿಂದ ತಲೆಯೆತ್ತಿದ. ಪ್ರಫುಲ್ಲಾರ ಕೈಯ ಸೌಟು ಡಬ್ಬದ ಮೇಲೆಯೇ ನಿಂತಿತು.

"ಮತ್ತೆ ಏನು ನೋಡ್ತಾ ಇದ್ದೆ? ಹೋಗಲಿ. ರಿಪೋರ್ಟಿಗೆ ಕಾರಣ ಬೇಕಲ್ಲ. ಹರಕೆ ಅಂದೆಯಲ್ಲ, ಯಾತಕ್ಕಂತೆ ಹರಕೆ?"

"ಮಗನ ಮದುವೆಗೆ ಸರ್."

"ಭಲೇ. ಆಯ್ತೋ ಇಲ್ವೋ ಮದುವೆ?"

ಆಗ ಅವಳು ಅವನ ಕಡೆ ತಿರುಗಿದಳು. ಬಂದ ಮೇಲೆ ಅವನ ಮುಖ ನೋಡಿದ್ದು ಅದೇ ಮೊದಲು. ಕಣ್ಣಲ್ಲಿ ಸಿಟ್ಟು ಇನ್ನೂ ಇತ್ತು, ನೀರೂ ಇತ್ತು. ಆದರೂ ಒಂದು ಕಣ್ಣು ಇನ್ನೊಂದಕ್ಕಿಂತ ಸ್ವಲ್ಪ ಹೆಚ್ಚು ಮುಚ್ಚಿತು.

"ಆಗುತ್ತೆ ಸರ್," ಎಂದಳು. "ಹುಡುಗಿಗೆ ಕೋಪ ಇನ್ನೂ ಇಳಿದಿಲ್ಲ. ಇಳಿದ ಮೇಲೆ ಆಗುತ್ತೆ."